ಮೇಣದಲ್ಲಿ ಬರೆದ ಬಟ್ಟೆ: ಜಾವಾದ ಬಾಟಿಕ್ ಕಸಬಿನ ಕಥೆ

ನಾವು ಇತಿಹಾಸದ ಪಂಡಿತರಲ್ಲ. ಹಗಲೆಲ್ಲ ಬ್ಯಾಂಕಿನಲ್ಲಿ ಜಮಾ-ಖರ್ಚು ತಾಳೆ ನೋಡುವುದು, ಸಂಜೆ ಲೋಕಲ್ ಗಾಡಿಯಲ್ಲಿ ನಿಂತುಕೊಂಡೇ ಮನೆ ಸೇರುವುದು, ಇದೇ ನಮ್ಮ ದಿನಚರಿ. ಇಂಥ ನಮಗೆ ಸಮುದ್ರದಾಚೆಯ ಜಾವಾ ದ್ವೀಪದ ಬಟ್ಟೆಯ ಗೀಳು ಹೇಗೆ ಹತ್ತಿತೆಂದು ಮಿತ್ರರು ಕೇಳುವುದುಂಟು. ಅದಕ್ಕೆ ಕಾರಣ ನಮ್ಮ ತಾಯಿಯವರು.

ನಮ್ಮ ಶಾಖೆಯ ಸಹೋದ್ಯೋಗಿಯೊಬ್ಬರು ಇಂಡೋನೇಷ್ಯದ ಪ್ರವಾಸ ಮುಗಿಸಿ ಬಂದಾಗ ನಮಗೊಂದು ವಸ್ತ್ರವನ್ನು ಕಾಣಿಕೆಯಾಗಿ ಕೊಟ್ಟರು. ಕಂದು ನೆಲದ ಮೇಲೆ ನೀಲಿ ಬಳ್ಳಿಗಳು. ‘ಅಸಲಿ ಬಾಟಿಕ್, ಕೈಯಿಂದ ಮಾಡಿದ್ದು’ ಎಂದು ಅಂಗಡಿಯವನು ಹೇಳಿದ್ದನಂತೆ. ನಾವು ಹಿಗ್ಗಿನಿಂದ ಅದನ್ನು ಮನೆಗೆ ತಂದು ತೋರಿಸಿದೆವು. ಜನ್ಮವೆಲ್ಲ ಇಳಕಲ್ಲ ಸೀರೆಯನ್ನೇ ಉಟ್ಟ ನಮ್ಮ ತಾಯಿಯವರು ವಸ್ತ್ರವನ್ನು ಕೈಗೆ ತೆಗೆದುಕೊಂಡು ಮೊದಲು ಮಾಡಿದ ಕೆಲಸವೆಂದರೆ ಅದನ್ನು ಮಗುಚಿ ಹಾಕಿದ್ದು. “ತಮ್ಮಾ, ಇದರ ಬೆನ್ನ ಯಾಕ ಇಷ್ಟ ಬೆಳ್ಳಗ ಐತಿ?” ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ. ಉತ್ತರವನ್ನು ಹುಡುಕುತ್ತ ಹೋದ ನಮಗೆ ಸಿಕ್ಕಿದ್ದು ಇನ್ನೂರು ವರ್ಷಗಳ ಒಂದು ಕಥೆ. ಅದನ್ನೇ ಈ ಸಂಚಿಕೆಯ ಓದುಗರ ಮುಂದೆ ಇಡುತ್ತಿದ್ದೇವೆ.

ಬಾಟಿಕ್ ಎಂಬುದು ಬಟ್ಟೆಯ ಹೆಸರಲ್ಲ, ಬಣ್ಣ ಕೊಡುವ ಒಂದು ರೀತಿಯ ಹೆಸರು. ತಾಮ್ರದ ಪುಟ್ಟ ಬಟ್ಟಲು, ಅದಕ್ಕೊಂದು ಸೂಕ್ಷ್ಮವಾದ ಕೊಳವೆಯ ಮೂತಿ, ಹಿಡಿಯಲು ಬಿದಿರಿನ ಅಥವಾ ಮರದ ಕಡ್ಡಿ. ಇದರ ಹೆಸರು ‘ಚಂಟಿಂಗ್’. ಕಾಯಿಸಿದ ಮೇಣವನ್ನು ಇದರಲ್ಲಿ ತುಂಬಿಕೊಂಡು ಬಿಳಿಯ ಹತ್ತಿಬಟ್ಟೆಯ ಮೇಲೆ ಗೆರೆ ಎಳೆಯುತ್ತಾರೆ. ತರುವಾಯ ಬಟ್ಟೆಯನ್ನು ಬಣ್ಣದಲ್ಲಿ ಅದ್ದಿದರೆ ಮೇಣವಿದ್ದಲ್ಲಿ ಬಣ್ಣ ಹತ್ತುವುದಿಲ್ಲ. ಮೇಣವನ್ನು ಕೆರೆದು ಇಲ್ಲವೆ ಕುದಿನೀರಿನಲ್ಲಿ ಕರಗಿಸಿ ತೆಗೆದು, ಮತ್ತೆ ಮೇಣ ಬರೆದು, ಮತ್ತೊಂದು ಬಣ್ಣ ಕೊಡಬೇಕು. ಹಿಂದಿನ ಕಾಲದಲ್ಲಿ ನೀಲಿಗೆ ನೀಲಿಗಿಡ, ಕಂದಿಗೆ ‘ಸೋಗ’ ಎಂಬ ಮರದ ತೊಗಟೆ. ಬಣ್ಣ ನೂಲಿನ ಒಳಕ್ಕೆ ಇಳಿಯುವುದರಿಂದಲೂ, ಒಳ್ಳೆಯ ಕೆಲಸದಲ್ಲಿ ಬಟ್ಟೆಯ ಎರಡು ಮೈಗೂ ಮೇಣ ಬರೆಯುವುದರಿಂದಲೂ ಚಿತ್ರ ಎರಡು ಕಡೆಗೂ ಸಮನಾಗಿ ಕಾಣುತ್ತದೆ. ಯಂತ್ರದಲ್ಲಿ ಅಚ್ಚೊತ್ತಿದ ಬಟ್ಟೆಯ ಬಣ್ಣ ಸಾಮಾನ್ಯವಾಗಿ ಮೇಲ್ಮೈಯಲ್ಲೇ ನಿಲ್ಲುತ್ತದೆ, ಬೆನ್ನು ಬಿಳುಚಿಕೊಳ್ಳುತ್ತದೆ. ನಮ್ಮ ತಾಯಿಯವರ ಪ್ರಶ್ನೆಗೆ ಇದೇ ಉತ್ತರ. ನಮ್ಮ ಕಾಣಿಕೆ ಬಾಟಿಕ್‌ನ ವೇಷ ಹಾಕಿದ ಅಚ್ಚುಬಟ್ಟೆಯಾಗಿತ್ತು.

ಕೈಯಿಂದ ಮಾಡಿದ ಬಾಟಿಕ್‌ಗೆ ಅಲ್ಲಿಯ ಜನ ‘ಬಾಟಿಕ್ ತುಲಿಸ್’ ಎನ್ನುತ್ತಾರೆ. ‘ತುಲಿಸ್’ ಎಂದರೆ ಬರೆಯುವುದು. ಹೀಗೆ ಬರೆದ ವಸ್ತ್ರವನ್ನು ಓದಲೂ ಬರಬೇಕು. ಯೋಗ್ಯಕರ್ತ ಹಾಗೂ ಸೋಲೋ ಎಂದು ಕರೆಯುವ ಸುರಕರ್ತ, ಈ ಎರಡು ಅರಮನೆಗಳ ಊರುಗಳಲ್ಲಿ ‘ಪರಂಗ್’ ಎಂಬ ಓರೆಪಟ್ಟೆಯ ಕೆಲವು ಬಗೆಗಳನ್ನು ಅರಸು ಮನೆತನದವರು ಮಾತ್ರ ಉಡಬಹುದಿತ್ತು. ಮದುವೆಯಲ್ಲಿ ವಧೂವರರಿಗೆ ‘ಸಿದೋಮುಕ್ತಿ’, ಅವರ ತಂದೆತಾಯಿಗಳಿಗೆ ನಕ್ಷತ್ರ ಚೆಲ್ಲಿದಂತಿರುವ ‘ತ್ರುಂತುಮ್’. ಹಸುಗೂಸನ್ನು ಎತ್ತಿಕೊಳ್ಳುವ ಜೋಳಿಗೆಯೂ ಬಾಟಿಕ್, ಸತ್ತವರಿಗೆ ಹೊದಿಸುವ ವಸ್ತ್ರವೂ ಬಾಟಿಕ್. ಇನ್ನು ಉತ್ತರದ ಕಡಲಂಚಿನ ಪೆಕಲೋಂಗಾನ್ ಮೊದಲಾದ ಊರುಗಳಲ್ಲಿ ಚೀನೀಯರು, ಅರಬರು, ಐರೋಪ್ಯರು ಬಂದು ನೆಲಸಿದ್ದರಿಂದ ಅಲ್ಲಿಯ ಬಣ್ಣಗಳು ಗಾಢ, ಹೂವು ಹಕ್ಕಿಗಳು ಹೇರಳ. ನಮ್ಮ ದೇಶದ ಪಾಲೂ ಇದರಲ್ಲಿ ಉಂಟು. ಗುಜರಾತದ ಪಟೋಲಾ ರೇಷ್ಮೆ ಶತಮಾನಗಳ ಕಾಲ ಆ ದ್ವೀಪಗಳಿಗೆ ಹೋಗುತ್ತಿತ್ತು. ಅದರ ಹೂವಿನ ನಕ್ಷೆಯೇ ಪೆಕಲೋಂಗಾನಿನಲ್ಲಿ ‘ಜ್ಲಂಪ್ರಂಗ್’ ಎಂಬ ಬಾಟಿಕ್ ಮಾದರಿಯಾಗಿ ಉಳಿದಿದೆ.

ಈ ಕಸಬನ್ನು ಹೊರಗಿನವರು ವಿವರವಾಗಿ ದಾಖಲಿಸಿದ್ದು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ. 1811ರಿಂದ 1816ರವರೆಗೆ ಜಾವಾ ಇಂಗ್ಲಿಷರ ಕೈಯಲ್ಲಿತ್ತು. ಆಗ ಅಲ್ಲಿ ಲೆಫ್ಟಿನೆಂಟ್ ಗವರ್ನರ್ ಆಗಿದ್ದ ಸ್ಟ್ಯಾಮ್‌ಫರ್ಡ್ ರಾಫಲ್ಸ್ 1817ರಲ್ಲಿ ಜಾವಾದ ಇತಿಹಾಸವನ್ನು ಎರಡು ಸಂಪುಟಗಳಲ್ಲಿ ಪ್ರಕಟಿಸಿದ. ಮೇಣ ಬರೆಯುವ ಕ್ರಮವನ್ನು ಆತ ಅದರಲ್ಲಿ ವಿವರಿಸಿದ್ದಾನೆ. ಅದಕ್ಕಿಂತಲೂ ಸ್ವಾರಸ್ಯವಾದದ್ದು ಅವನು ಬರೆದಿಟ್ಟ ಒಂದು ವ್ಯಾಪಾರದ ಸಂಗತಿ. ಜಾವಾದ ಮಾದರಿಗಳನ್ನು ನಕಲು ಮಾಡಿದ ಬಟ್ಟೆಗಳನ್ನು ಈಸ್ಟ್ ಇಂಡಿಯಾ ಕಂಪನಿ ರಾಶಿರಾಶಿಯಾಗಿ ಜಾವಾಕ್ಕೆ ತರಿಸಿತು. ಮೊದಲ ಮಾರಾಟದಲ್ಲಿ ಒಳ್ಳೆಯ ಬೆಲೆ ಬಂತು. ಎರಡನೆಯ ಮಾರಾಟ ನಡೆಯುವಷ್ಟರಲ್ಲಿ ಆ ಬಣ್ಣ ನಿಲ್ಲತಕ್ಕದ್ದಲ್ಲವೆಂದು ಜನರಿಗೆ ತಿಳಿದುಹೋಗಿತ್ತು. ಉಳಿದ ಸರಕನ್ನು ಕೇಳುವವರೇ ಇಲ್ಲವಾದರು. ಕಂಪನಿಯ ಬಣ್ಣ ಬಯಲಾಯಿತೆಂಬುದು ಇಲ್ಲಿ ಬರಿಯ ನುಡಿಗಟ್ಟಲ್ಲ, ನಡೆದ ಸಂಗತಿ. ಜಾವಾದ ಗೃಹಿಣಿ ಪಂಡಿತಳಲ್ಲದಿದ್ದರೂ ಅಸಲು-ನಕಲು ತಿಳಿದವಳಾಗಿದ್ದಳು. ಕಸಬಿಗೆ ಮೊದಲ ರಕ್ಷಣೆ ಬಂದದ್ದು ಅವಳಿಂದ.

ಆದರೆ ಯಂತ್ರ ಅಷ್ಟಕ್ಕೇ ಸೋಲೊಪ್ಪುವಂಥದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಹಾಲೆಂಡ್, ಸ್ವಿಟ್ಜರ್ಲೆಂಡ್‌ಗಳ ಗಿರಣಿಗಳೂ ನಕಲು ಬಾಟಿಕ್ ಅಚ್ಚು ಹಾಕಿ ಕಳಿಸಿದವು. ಇದಕ್ಕೆ ಜಾವಾದವರು ಹುಡುಕಿದ ಉತ್ತರವನ್ನು ನಾವು ಮೆಚ್ಚಲೇಬೇಕು. ಆ ಶತಮಾನದ ನಡುಭಾಗದಲ್ಲಿ ತಾಮ್ರದ ಪಟ್ಟಿಗಳನ್ನು ಬಾಗಿಸಿ ಮಾಡಿದ ಮುದ್ರೆಗಳು ಬಳಕೆಗೆ ಬಂದವು. ಇದನ್ನು ಬಿಸಿ ಮೇಣದಲ್ಲಿ ಅದ್ದಿ ಬಟ್ಟೆಯ ಮೇಲೆ ಒತ್ತುತ್ತಾರೆ. ಹೆಸರು ‘ಚಪ್’; ಹಿಂದಿಯ ‘ಛಾಪ್’, ನಮ್ಮ ‘ಛಾಪು’ ಮಾತಿನ ಬಳಗದ್ದೇ. ವಾರ, ತಿಂಗಳು ಹಿಡಿಯುವ ಮೇಣದ ಕೆಲಸ ಒಂದೆರಡು ದಿನದಲ್ಲಿ ಮುಗಿಯತೊಡಗಿತು. ಮೇಣ ಉಳಿಯಿತು, ಬಣ್ಣದ ತೊಟ್ಟಿ ಉಳಿಯಿತು, ಬೆಲೆ ಇಳಿಯಿತು. ಬಡವರಿಗೂ ಅಸಲು ಬಾಟಿಕ್ ದೊರೆಯಿತು. ಅತ್ತ ಐರೋಪ್ಯ ಗಿರಣಿಗಳ ಸರಕು ಪಶ್ಚಿಮ ಆಫ್ರಿಕದಲ್ಲಿ ಮಾರುಕಟ್ಟೆ ಕಂಡುಕೊಂಡಿತು. ಇಂದಿಗೂ ಅಲ್ಲಿಯ ಹೆಂಗಸರು ‘ವ್ಯಾಕ್ಸ್ ಪ್ರಿಂಟ್’ ಎಂದು ಪ್ರೀತಿಯಿಂದ ಉಡುವ ಬಟ್ಟೆಯ ಮೂಲ ಇದೇ.

ಇನ್ನು ವಿದ್ವಾಂಸರ ಪಾಲನ್ನು ನೋಡೋಣ. ಡಚ್ಚರ ಆಳ್ವಿಕೆಯಲ್ಲಿ ರೌಫಾರ್ ಮತ್ತು ಯೂಯ್ನ್‌ಬೋಲ್ ಎಂಬಿಬ್ಬರು ಬಾಟಿಕ್ ಕಲೆಯನ್ನೂ ಅದರ ಇತಿಹಾಸವನ್ನೂ ಕುರಿತ ಬೃಹತ್ ಗ್ರಂಥವನ್ನು 1899ರಿಂದ 1914ರವರೆಗೆ ಹೊರತಂದರು. ತರುವಾಯ ಯಾಸ್ಪರ್ ಎಂಬ ಡಚ್ ಅಧಿಕಾರಿಯೂ ಮಾಸ್ ಪಿರ್ನ್‌ಗಾದಿ ಎಂಬ ಜಾವಾದ ಚಿತ್ರಕಾರನೂ ಜೊತೆಗೂಡಿ 1912ರಿಂದ 1930ರವರೆಗೆ ಐದು ಸಂಪುಟಗಳಲ್ಲಿ ಆ ದ್ವೀಪಗಳ ಕರಕುಶಲಗಳನ್ನು ದಾಖಲಿಸಿದರು. ಬುಟ್ಟಿ-ಚಾಪೆ ಹೆಣಿಗೆ, ನೇಯ್ಗೆ, ಬಾಟಿಕ್, ಚಿನ್ನ-ಬೆಳ್ಳಿಯ ಕೆಲಸ, ಇತರ ಲೋಹಗಳ ಕೆಲಸ, ಹೀಗೆ ಒಂದೊಂದಕ್ಕೆ ಒಂದೊಂದು ಸಂಪುಟ. ಬಾಟಿಕ್ ಸಂಪುಟ 1916ರದು. ಇಂಥ ಗ್ರಂಥಗಳು ನೂರಾರು ಮಾದರಿಗಳ ಹೆಸರನ್ನೂ ರೂಪವನ್ನೂ ಮರೆವಿನಿಂದ ಉಳಿಸಿದವು. ಆದರೆ ನಾವು ಬ್ಯಾಂಕಿನವರು ಇಲ್ಲಿ ಒಂದು ಮಾತು ಹೇಳಬೇಕು. ಈ ಗ್ರಂಥಗಳಿದ್ದದ್ದು ಡಚ್ ಭಾಷೆಯಲ್ಲಿ, ಬೆಲೆಯೂ ದುಬಾರಿ. ಮೇಣದ ಒಲೆಯ ಮುಂದೆ ಕುಳಿತ ಹೆಂಗಸಿನ ಕೈಗೆ ಅವು ಬರುವಂತಿರಲಿಲ್ಲ. ಲೆಕ್ಕ ಬರೆದಿಟ್ಟ ಮಾತ್ರಕ್ಕೆ ಹಣ ಬೆಳೆಯುವುದಿಲ್ಲ. ಅದು ಚಲಾವಣೆಗೆ ಬರಬೇಕು.

ಚಲಾವಣೆಯ ಮಾತು ಬಂದಾಗ ವರ್ತಕರನ್ನು ನೆನೆಯಬೇಕು. ಬಾಟಿಕ್‌ಗೆ ಬೇಕಾದ ‘ಮೋರಿ’ ಎಂಬ ನಯವಾದ ಬಿಳಿ ಬಟ್ಟೆ ಹೊರದೇಶದಿಂದ ಬರುತ್ತಿತ್ತು. ಆಮದು ಕಂಪನಿಗಳೂ ನಡುವಿನ ವ್ಯಾಪಾರಿಗಳೂ ಹೇಳಿದ್ದೇ ಬೆಲೆ. ಈ ಇಕ್ಕಟ್ಟಿನಲ್ಲಿ ಸೋಲೋದ ಬಾಟಿಕ್ ವ್ಯಾಪಾರಿ ಹಾಜಿ ಸಮನ್‌ಹೂದಿ ಕಟ್ಟಿದ ವರ್ತಕರ ಸಂಘವೇ 1912ರಲ್ಲಿ ‘ಸರೆಕತ್ ಇಸ್ಲಾಂ’ ಎಂಬ ಹೆಸರು ತಾಳಿ, ಆ ದೇಶದ ಮೊದಲ ದೊಡ್ಡ ಜನತಾ ಸಂಘಟನೆಯಾಗಿ ಬೆಳೆಯಿತು. 1942ರಿಂದ 1945ರವರೆಗೆ ಜಪಾನೀಯರ ಆಳ್ವಿಕೆ ಬಂದಾಗ ಬಟ್ಟೆಗೇ ಬರಗಾಲ. ಆಗ ಪೆಕಲೋಂಗಾನಿನ ಕಾರ್ಖಾನೆಗಳು ಇದ್ದ ತುಸು ಬಟ್ಟೆಯ ಮೇಲೆಯೇ ಎಳ್ಳಷ್ಟೂ ಜಾಗ ಬಿಡದೆ ಅತಿ ಸೂಕ್ಷ್ಮವಾದ ಚಿತ್ರಗಳನ್ನು ಬರೆಸಿದವು. ಬಟ್ಟೆ ಕಡಿಮೆಯಾದರೂ ಕೈಗಳಿಗೆ ಕೆಲಸ ತಪ್ಪಲಿಲ್ಲ. ಒಂದೇ ವಸ್ತ್ರದ ಅರ್ಧಕ್ಕೊಂದು ನಕ್ಷೆ, ಇನ್ನರ್ಧಕ್ಕೊಂದು ನಕ್ಷೆ. ಬೆಳಿಗ್ಗೆ ಒಂದನ್ನು ಹೊರಗೆ ಮಾಡಿ ಉಟ್ಟರೆ ಸಂಜೆ ಇನ್ನೊಂದನ್ನು. ಈ ‘ಹೊಕೊಕಾಯ್’ ಬಾಟಿಕ್‌ಗಳನ್ನು ಇಂದು ವಸ್ತುಸಂಗ್ರಹಾಲಯಗಳು ಕಣ್ಣಿಗೊತ್ತಿಕೊಂಡು ಇಟ್ಟುಕೊಂಡಿವೆ.

ಸ್ವಾತಂತ್ರ್ಯದ ಹೋರಾಟ ಇನ್ನೂ ಮುಗಿಯದಿದ್ದ 1948ರಲ್ಲಿ ಬಾಟಿಕ್ ಸಹಕಾರಿ ಸಂಘಗಳು ಒಂದಾಗಿ ‘ಜಿ.ಕೆ.ಬಿ.ಐ.’ ಎಂಬ ಒಕ್ಕೂಟ ಕಟ್ಟಿದವು. ಐವತ್ತರ ದಶಕದಲ್ಲಿ ಮೋರಿ ಬಟ್ಟೆಯನ್ನು ಆಮದು ಮಾಡಿ ಸದಸ್ಯರಿಗೆ ಹಂಚುವ ಅಧಿಕಾರವನ್ನು ಸರಕಾರ ಈ ಒಕ್ಕೂಟಕ್ಕೆ ಕೊಟ್ಟಿತು. ನಡುವಿನವರ ಹಿಡಿತ ಸಡಿಲಾಯಿತು. ಮುಂದೆ ಯೋಗ್ಯಕರ್ತದ ಬಳಿಯ ಮೆದಾರಿಯಲ್ಲಿ ಒಕ್ಕೂಟದ್ದೇ ಗಿರಣಿಯೂ ಆಯಿತು. ಕಲೆಯ ಇತಿಹಾಸ ಬರೆಯುವವರು ಈ ಜಮಾ-ಖರ್ಚಿನ ಪುಟವನ್ನು ಹಲವೊಮ್ಮೆ ಹಾರಿಸಿಬಿಡುತ್ತಾರೆ. ನಮಗೆ ಮಾತ್ರ ಅದೇ ಮುಖ್ಯವಾಗಿ ಕಂಡಿತು.

ಅದೇ ದಶಕದಲ್ಲಿ ವಿದ್ಯೆಯೂ ಕೈಕಸುಬೂ ಒಬ್ಬನೇ ಮನುಷ್ಯನಲ್ಲಿ ಕೂಡಿದವು. ಸೋಲೋದ ಚೀನೀ ಮನೆತನದ ಗೋ ತಿಕ್ ಸ್ವಾನ್ ವಿಶ್ವವಿದ್ಯಾಲಯದಲ್ಲಿ ಜಾವಾ ಸಾಹಿತ್ಯ ಓದಿದವನು. ಅಧ್ಯಕ್ಷ ಸುಕರ್ನೋ ಅವನನ್ನು ಕರೆದು, ಒಂದು ಊರಿನದಲ್ಲದ, ಇಡಿಯ ದೇಶದ್ದೆನ್ನಿಸುವ ಬಾಟಿಕ್ ಮಾಡಿಕೊಡೆಂದು ಕೇಳಿದ. ಗೋ ತಿಕ್ ಸ್ವಾನ್ ಅರಮನೆಯ ಹಿರಿಯರಲ್ಲಿ ಹಳೆಯ ಮಾದರಿಗಳ ಅರ್ಥವನ್ನು ಕಲಿತು, ಸೋಲೋದ ಗಂಭೀರ ನಕ್ಷೆಗಳಿಗೆ ಕಡಲಂಚಿನ ಗಾಢ ಬಣ್ಣಗಳನ್ನು ಕೂಡಿಸಿದ. ಅದಕ್ಕೆ ‘ಬಾಟಿಕ್ ಇಂಡೋನೇಷ್ಯ’ ಎಂದೇ ಹೆಸರಾಯಿತು. ಮುಂದೆ ಕಾನೂನು ಓದಿದ್ದ ಇವಾನ್ ತಿರ್ತಾ ಬಾಟಿಕ್ ಕುರಿತು ಗ್ರಂಥ ಬರೆದುದಲ್ಲದೆ ತಾನೇ ಉಡುಪುಗಳನ್ನೂ ರೂಪಿಸಿದ. ಜಕಾರ್ತದ ಗವರ್ನರ್ ಅಲಿ ಸದಿಕಿನ್ 1970ರ ದಶಕದ ಆದಿಯಲ್ಲಿ ಉದ್ದ ತೋಳಿನ ಬಾಟಿಕ್ ಅಂಗಿಗೆ ಸಮಾರಂಭದ ಉಡುಪಿನ ಮರ್ಯಾದೆ ಕೊಟ್ಟ. ಕೋಟು-ಟೈ ಬಿಟ್ಟು ಬಾಟಿಕ್ ತೊಟ್ಟರೆ ಕುಂದಲ್ಲ ಎಂದಾಯಿತು.

ಎಪ್ಪತ್ತರ ದಶಕದಲ್ಲಿಯೇ ಸ್ವದೇಶದ ಅಚ್ಚುಬಟ್ಟೆಯೂ ಮಾರುಕಟ್ಟೆಗೆ ನುಗ್ಗಿತು. ಅನೇಕ ಕುಟುಂಬಗಳು ಕಸಬು ಬಿಟ್ಟವು. ಈ ಸಲ ಉತ್ತರ ಬಂದದ್ದು ಶಾಲೆಯಿಂದ. ಪೆಕಲೋಂಗಾನಿನಲ್ಲಿ 2006ರಲ್ಲಿ ಬಾಟಿಕ್ ವಸ್ತುಸಂಗ್ರಹಾಲಯ ತೆರೆಯಿತು. ಅದು ಬರಿಯ ಗಾಜಿನ ಪೆಟ್ಟಿಗೆಗಳ ಮನೆಯಲ್ಲ. ಶಾಲೆಯ ಮಕ್ಕಳು ಅಲ್ಲಿ ಚಂಟಿಂಗ್ ಹಿಡಿದು ಮೇಣ ಬರೆಯುತ್ತಾರೆ. ಊರಿನ ಶಾಲೆಗಳಲ್ಲಿ ಬಾಟಿಕ್ ಪಾಠದ ವಿಷಯವಾಯಿತು. 2007ರಲ್ಲಿ ಸರಕಾರ ಅಸಲು ಬಾಟಿಕ್‌ಗೆ ‘ಬಾಟಿಕ್‌ಮಾರ್ಕ್’ ಎಂಬ ಗುರುತನ್ನು ತಂದಿತು. ಯುನೆಸ್ಕೋ 2009ರ ಅಕ್ಟೋಬರ್ 2ರಂದು ಇಂಡೋನೇಷ್ಯದ ಬಾಟಿಕ್‌ಅನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಅದೇ ವರ್ಷ ಪೆಕಲೋಂಗಾನಿನ ಈ ಕಲಿಸುವ ಕಾರ್ಯಕ್ರಮವನ್ನೂ ಅನುಕರಣೀಯವೆಂದು ದಾಖಲಿಸಿತು. ಅಕ್ಟೋಬರ್ 2 ಅಲ್ಲಿ ಈಗ ಬಾಟಿಕ್ ದಿನ. ಮಂತ್ರಿಯಿಂದ ಹಿಡಿದು ಗುಮಾಸ್ತೆಯವರೆಗೆ ಎಲ್ಲರೂ ಅಂದು ಬಾಟಿಕ್ ಉಟ್ಟು ಕೆಲಸಕ್ಕೆ ಹೋಗುವ ರೂಢಿ.

ಎಲ್ಲವೂ ಸುಗಮವಾಯಿತೆಂದು ನಾವು ಹೇಳಲಾರೆವು. ಮೇಣ ಬರೆಯುವ ಹೆಂಗಸರ ಕೂಲಿ ಅಲ್ಪ. ಮನೆಯ ಹುಡುಗಿಯರಿಗೆ ಬೇರೆ ಕೆಲಸಗಳ ಕಡೆಗೆ ಕಣ್ಣು. ಪೆಕಲೋಂಗಾನಿನ ಹೊಳೆಗಳು ಬಣ್ಣದ ಕೊಳೆನೀರಿನಿಂದ ಕೆಟ್ಟಿವೆ. ಪಟ್ಟಿಯಲ್ಲಿ ಹೆಸರು ಸೇರಿದ ಮಾತ್ರಕ್ಕೆ ಒಲೆಯ ಮೇಲೆ ಅನ್ನ ಬೇಯುವುದಿಲ್ಲ.

ಆದರೂ ಈ ಲೆಕ್ಕವನ್ನು ಕೂಡಿ ನೋಡಿದರೆ ಒಂದು ಸಂಗತಿ ತಿಳಿಯುತ್ತದೆ. ಬಾಟಿಕ್ ಉಳಿದದ್ದು ಯಾರೋ ಒಬ್ಬ ಮಹಾಪುರುಷನಿಂದಲ್ಲ. ಬಣ್ಣ ನಿಲ್ಲದ ಬಟ್ಟೆಯನ್ನು ಬೇಡವೆಂದ ಗೃಹಿಣಿ, ಚಪ್ ಕಂಡುಹಿಡಿದ ಕಮ್ಮಾರ, ಹೆಸರುಗಳನ್ನು ಬರೆದಿಟ್ಟ ವಿದ್ವಾಂಸ, ಲೆಕ್ಕವನ್ನು ನೇರ್ಪಡಿಸಿದ ಸಹಕಾರಿ ಸಂಘ, ಮಕ್ಕಳ ಕೈಗೆ ಚಂಟಿಂಗ್ ಕೊಟ್ಟ ಮೇಷ್ಟರು, ಇವರೆಲ್ಲರೂ ತಮ್ಮ ತಮ್ಮ ಕಂತನ್ನು ಕಟ್ಟಿದ್ದಾರೆ. ಯಾವುದೊಂದು ಕಂತು ತಪ್ಪಿದ್ದರೂ ಖಾತೆ ಮುಳುಗುತ್ತಿತ್ತು.

ಊರು ಬಿಟ್ಟು ಬಂದು ಈ ಮಹಾನಗರದಲ್ಲಿ ನೆಲಸಿದ ನಮ್ಮಂಥ ಕನ್ನಡ ಕುಟುಂಬಗಳಿಗೆ ಇದಕ್ಕಿಂತ ಬೇರೆ ಉಪದೇಶ ಬೇಕಿಲ್ಲ. ಆ ಅಚ್ಚುಬಟ್ಟೆ ಈಗ ನಮ್ಮ ಮನೆಯ ಮೇಜಿನ ಮೇಲಿದೆ. ಅದರ ಮೇಲೆ ನಮಗೇನೂ ಕೋಪವಿಲ್ಲ. ಆದರೆ ಕಳೆದ ತಿಂಗಳು ನಮ್ಮ ಮಗಳು ಅಜ್ಜಿಯ ಪೆಟ್ಟಿಗೆಯಿಂದ ಒಂದು ಇಳಕಲ್ಲ ಸೀರೆಯನ್ನು ತೆಗೆದು ಮೊದಲು ಅದರ ಬೆನ್ನನ್ನು ಮಗುಚಿ ನೋಡಿದಳು. ಬಳಿಕ ಅಜ್ಜಿಯನ್ನು ಕೇಳಿದಳು: “ಅಜ್ಜಿ, ಈ ಸೆರಗಿನ ಹೆಸರೇನು?” ಅಜ್ಜಿ ಕನ್ನಡದಲ್ಲಿಯೇ ಹೇಳಿಕೊಟ್ಟರು. ನಮ್ಮ ಮನೆಯ ಕಂತು ಆ ದಿನ ಕಟ್ಟಿದಂತಾಯಿತೆಂದು ನಾವು ತಿಳಿದಿದ್ದೇವೆ.