ಎಸ್ಟೋನಿಯಾದಲ್ಲಿ ಭಾಷಾಂತರವೂ ದೂರದರ್ಶನವೂ

ಸುಮಾರು ಹನ್ನೊಂದು ಲಕ್ಷ ಜನರು ಮಾತ್ರ ಆಡುವ ಎಸ್ಟೋನಿಯನ್ ಭಾಷೆಯು, ಜರ್ಮನ್ ಜಮೀನುದಾರರ ಶತಮಾನಗಳ ಒಡೆತನವನ್ನೂ, ರಷ್ಯದ ಚಕ್ರವರ್ತಿಗಳ ಮತ್ತು ಬಳಿಕ ಸೋವಿಯತ್ ಸರಕಾರದ ಆಳ್ವಿಕೆಯನ್ನೂ ದಾಟಿ, ಇಂದಿಗೂ ವಿದ್ಯಾಪೀಠದ ಹಾಗೂ ರಂಗಭೂಮಿಯ ಭಾಷೆಯಾಗಿ ಬಾಳುತ್ತಿದೆಯೆಂದರೆ, ಆ ಪುಣ್ಯದಲ್ಲಿ ಕವಿಗಳಿಗೆ ಸಲ್ಲುವಷ್ಟೇ ಪಾಲು ಭಾಷಾಂತರಕಾರರಿಗೂ ಸಲ್ಲಬೇಕೆಂಬುದು ನನ್ನ ದೃಢವಾದ ಮತ. ಅಲ್ಲಿನ ಮುದ್ರಿತ ಸಾಹಿತ್ಯದ ಉಗಮವೇ ಅನುವಾದದಲ್ಲಿದೆ. 1535ರಲ್ಲಿ ಜರ್ಮನ್ ಪಾಠದೊಡನೆ ಅಚ್ಚಾದ ಕ್ರೈಸ್ತ ಧರ್ಮಬೋಧೆಯೊಂದರ ಕೆಲವೇ ಹರಕು ಹಾಳೆಗಳು ಉಳಿದು ಇದಕ್ಕೆ ಸಾಕ್ಷಿಯಾಗಿವೆ. 1739ರಲ್ಲಿ ಆಂಟನ್ ತೋರ್ ಹೆಲ್ಲೆ ಎಂಬ ಪಾದ್ರಿಯ ನೇತೃತ್ವದಲ್ಲಿ ಹೊರಬಂದ ಸಂಪೂರ್ಣ ಬೈಬಲ್, ಉತ್ತರ ಸೀಮೆಯ ಆಡುನುಡಿಗೆ ಗ್ರಂಥಭಾಷೆಯ ಪದವಿಯನ್ನು ಗಳಿಸಿಕೊಟ್ಟಿತು.

ಈ ಪರಂಪರೆಯ ನಿಜವಾದ ಪರೀಕ್ಷೆ ನಡೆದದ್ದು ಸೋವಿಯತ್ ಕಾಲದಲ್ಲಿ. 1957ರಲ್ಲಿ ಆರಂಭವಾದ 'ಲೂಮಿಂಗು ರಾಮತುಕೊಗು' ಎಂಬ ತೆಳು ಪುಸ್ತಕಗಳ ಮಾಲೆಯು, ಮುಚ್ಚಿದ ಗಡಿಯೊಳಗಿನ ಓದುಗರ ಕೈಗೆ ಹೊರಜಗತ್ತನ್ನು ತಂದಿತ್ತಿತು. ಕಾಫ್ಕಾನ 'ವಿಚಾರಣೆ' 1966ರಲ್ಲಿ ಕವಿ ಆಗುಸ್ಟ್ ಸಾಂಗರ ಲೇಖನಿಯಿಂದ ಎಸ್ಟೋನಿಯನ್ನಿಗೆ ಬಂದಿತು. 1941ರಲ್ಲಿ ಕುಟುಂಬಸಮೇತ ಗಡೀಪಾರಾಗಿ, ಯುದ್ಧಾನಂತರ ಹಿಂದಿರುಗಿದ ಗೇಯೊರ್ಗ್ ಮೆರಿ ಶೇಕ್ಸ್‌ಪಿಯರನ ನಾಟಕಗಳ ಅನುವಾದಕ್ಕೆ ತಮ್ಮ ಉಳಿದ ಆಯುಷ್ಯವನ್ನು ಮುಡಿಪಿಟ್ಟರು. ಅವರ ಮಗ ಲೆನಾರ್ಟ್ ಮೆರಿ, ಸ್ವತಃ ಸೋವಿಯತ್ ಶಿಬಿರದ ಸೆರೆವಾಸವನ್ನುಂಡಿದ್ದ ಎನ್ ಸಾರ್ವರೊಡನೆ ಸೇರಿ, ರಷ್ಯನ್ ಲೇಖಕ ಸೋಲ್ಜೆನಿತ್ಸಿನನ ಶಿಬಿರಕಥನವನ್ನು ಅನುವಾದಿಸಿದರು. ತಾನು ಪಟ್ಟ ಪಾಡನ್ನು ಪರರ ಕಥೆಯಲ್ಲಿ ಕಂಡು, ವಾಕ್ಯ ವಾಕ್ಯವಾಗಿ ತನ್ನ ಮಾತೃಭಾಷೆಗೆ ತರುವುದು ಎಂಥ ಧೈರ್ಯದ ಕಾರ್ಯವೆಂಬುದನ್ನು ಓದುಗರೇ ಊಹಿಸಬಹುದು. ಇದೇ ಲೆನಾರ್ಟ್ ಮೆರಿ ರೇಡಿಯೋ ನಾಟಕಗಳಲ್ಲಿ ದುಡಿದು, ಎಸ್ಟೋನಿಯನ್ನರ ಭಾಷಾಬಂಧುಗಳಾದ ಫಿನ್ನೊ-ಉಗ್ರಿಯನ್ ಜನಾಂಗಗಳನ್ನು ಕುರಿತು ಸಾಕ್ಷ್ಯಚಿತ್ರಗಳನ್ನು ನಿರ್ಮಿಸಿ, 1992ರಲ್ಲಿ ಸ್ವತಂತ್ರ ದೇಶದ ರಾಷ್ಟ್ರಾಧ್ಯಕ್ಷರಾದರು. ನಮಗೂ ಆತ್ಮೀಯವಾಗಬಲ್ಲ ಸಂಗತಿಯೆಂದರೆ, ತಾರ್ತು ನಗರದ ಪ್ರಾಚ್ಯವಿದ್ವಾಂಸರಾದ ಲಿನ್ನಾರ್ಟ್ ಮ್ಯಾಲ್ ಭಗವದ್ಗೀತೆಯನ್ನು ನೇರವಾಗಿ ಸಂಸ್ಕೃತದಿಂದಲೇ ಅನುವಾದಿಸಿ 1980ರಲ್ಲಿ ಪ್ರಕಟಿಸಿದ್ದು.

ಪುಸ್ತಕದಾಚೆ ಭಾಷಾಂತರಕ್ಕೆ ಇನ್ನೊಂದು ನೆಲೆಯನ್ನೊದಗಿಸಿದ ದೂರದರ್ಶನವು ರಾಜಧಾನಿ ತಾಲಿನ್ ನಗರದಲ್ಲಿ ಪ್ರಸಾರವನ್ನಾರಂಭಿಸಿದ್ದು 1955ರ ಜುಲೈ 19ರಂದು. ಅರವತ್ತರ ದಶಕದ ಉತ್ತರಾರ್ಧದಲ್ಲಿ ವಾಲ್ಡೋ ಪಾಂಟ್ ಎಂಬ ನಿರೂಪಕರು, ಇಪ್ಪತ್ತೈದು ವರ್ಷಗಳ ಹಿಂದಿನ ಮಹಾಯುದ್ಧದ ಘಟನೆಗಳನ್ನು ಜನರೆದುರು ಬಿಡಿಸಿಟ್ಟ ಸರಣಿಯಿಂದ ಮನೆಮಾತಾದರು. ಅದೇ ಕಾಲದಲ್ಲಿ ಉತ್ತರ ಕರಾವಳಿಯ ಜನರು ಸಮುದ್ರದಾಚೆಯ ಫಿನ್ಲೆಂಡಿನ ಪ್ರಸಾರವನ್ನು ಹಿಡಿಯಲು ಮನೆಗಳ ಮೇಲೆ ಆಂಟೆನಾಗಳನ್ನು ನೆಟ್ಟು, ಶಾಲೆಯ ಹಂಗಿಲ್ಲದೆ ಫಿನ್ನಿಷ್ ಭಾಷೆಯನ್ನು ಕಿವಿಯಿಂದಲೇ ಕಲಿತುಕೊಂಡರು.

ಇಂದು ಅಲ್ಲಿನ ಪರದೆಯ ಮೇಲೆ ವಿದೇಶೀ ಚಿತ್ರಗಳ ನಟರ ಮೂಲಧ್ವನಿ ಹಾಗೆಯೇ ಕೇಳಿಸುತ್ತಿರುವಾಗ, ಕೆಳಗೆ ಎಸ್ಟೋನಿಯನ್ ಸಾಲುಗಳು ಮೂಡಿ ಮಾಯವಾಗುತ್ತವೆ. ಮಾತು ಮುಗಿಯುವುದರೊಳಗೆ, ಹೆಚ್ಚೆಂದರೆ ಎರಡೇ ಸಾಲುಗಳಲ್ಲಿ, ಪಾತ್ರದ ಸ್ವಭಾವವನ್ನೂ ವಾಗ್ವಾದದ ಬಿಸಿಯನ್ನೂ ಕೆಡಿಸದೆ ಹಿಡಿದಿಡಬೇಕಾದ ಈ ಕೆಲಸದಲ್ಲಿ ಏನನ್ನು ಬಿಡಬೇಕೆಂಬ ವಿವೇಕವೇ ಪಾಂಡಿತ್ಯದ ಒರೆಗಲ್ಲು. ಸಾಹಿತ್ಯಚರಿತ್ರೆಯನ್ನು ಬರೆಯುವವರು ಕಾವ್ಯಾನುವಾದಕ್ಕೆ ಅಧ್ಯಾಯಗಳನ್ನು ಮೀಸಲಿಟ್ಟು, ನಿತ್ಯವೂ ಮನೆ ಮನೆಗಳಲ್ಲಿ ಓದಿಸಿಕೊಳ್ಳುವ ಈ ಬರಹವನ್ನು ಕಡೆಗಣಿಸುವುದು ನನಗೆ ನ್ಯಾಯವೆಂದು ತೋರುವುದಿಲ್ಲ.