ಜಿಲೇಬಿ ಮೀನಿನ ದಿಗ್ವಿಜಯ

ಕಲ್ಯಾಣದ ಸಿಂಹಾಸನದ ಮೇಲೆ ಆರನೆಯ ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರ ಕುಳಿತಿದ್ದ ಕಾಲ. ಕತ್ತಿಗಿಂತ ಲೇಖನಿ ಹಿಡಿಯುವುದರಲ್ಲೇ ಈ ದೊರೆಗೆ ಹೆಚ್ಚು ಒಲವು. 1129ರ ಸುಮಾರಿಗೆ ಅವನು ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದಕ್ಕೆಂದೇ ಒಂದು ಅಧ್ಯಾಯವುಂಟು. ಸುಮಾರು 35 ಜಾತಿಯ ಮೀನುಗಳನ್ನು ಹೆಸರಿಸಿ, ಹುರುಪೆಯುಳ್ಳವು, ಇಲ್ಲದವು, ಕಡಲಿನವು, ಹೊಳೆಯವು ಎಂದು ವಿಂಗಡಿಸಿ, ಯಾವುದಕ್ಕೆ ಎಂಥ ತಿನಿಸು ಹಾಕಿ ಕೊಬ್ಬಿಸಬೇಕೆಂಬುದನ್ನೂ ಹೇಳುತ್ತಾನೆ. ಗಾಳ, ದಾರ, ಕೋಲುಗಳ ಲಕ್ಷಣವೂ ಅಲ್ಲಿದೆ. ಪಟ್ಟಿಯಲ್ಲಿ ರೋಹಿತವಿದೆ, ಮಹಾಶೀಲವಿದೆ. ಇಂದು ಕರ್ನಾಟಕದ ಎಷ್ಟೋ ಕೆರೆಗಳಲ್ಲಿ ಬಲೆ ತುಂಬ ಬರುವ ಜಿಲೇಬಿ ಮೀನು ಮಾತ್ರ ಇಲ್ಲ.

ಇರುವಂತೆಯೂ ಇರಲಿಲ್ಲ. ಅದರ ತೌರು ಆಫ್ರಿಕದ ಮೂಡಣ ಕರಾವಳಿಯ ನದಿಗಳು. ಮೊಜಾಂಬಿಕ್‌ನಲ್ಲಿ ವರ್ಷಗಟ್ಟಲೆ ಅಲೆದ ಜರ್ಮನ್ ವಿಜ್ಞಾನಿ ವಿಲ್ಹೆಲ್ಮ್ ಪೀಟರ್ಸ್ 1852ರಲ್ಲಿ ಅದಕ್ಕೆ ಶಾಸ್ತ್ರೀಯ ನಾಮಕರಣ ಮಾಡಿದ. 1930ರ ದಶಕದ ಕೊನೆಯ ಹೊತ್ತಿಗೆ, ಯಾರು ತಂದರೆಂದು ತಿಳಿಯದಂತೆ, ಅದು ಜಾವಾ ದ್ವೀಪದಲ್ಲಿ ಕಾಣಿಸಿಕೊಂಡಿತು. ಮಹಾಯುದ್ಧದ ದಿನಗಳಲ್ಲಿ ಆಗ್ನೇಯ ಏಷ್ಯಾದ ಕೊಳಗಳಿಗೆ ಹಬ್ಬಿತು. 1952ರಲ್ಲಿ ಬ್ಯಾಂಕಾಕಿನಿಂದ ಹೊರಟು ತಮಿಳುನಾಡಿನ ಮಂಡಪಂ ತಲುಪಿತು. ಸ್ವಾತಂತ್ರ್ಯ ಬಂದು ಐದೇ ವರ್ಷವಾಗಿದ್ದ ಹಸಿದ ದೇಶಕ್ಕೆ ಅಗ್ಗದ ಮಾಂಸ ಬೇಕಿತ್ತು; ಕರೆತಂದವರನ್ನು ಸುಮ್ಮನೆ ದೂರುವುದು ನ್ಯಾಯವಲ್ಲ.

ಅದರ ಗುಣಗಳೂ ಕಡಿಮೆಯವಲ್ಲ. ಬಿಳಿಯ ಮಾಂಸ, ಸಪ್ಪೆಯೆನ್ನಬಹುದಾದ ಸೌಮ್ಯ ರುಚಿ; ಕಾಟ್ಲಾ, ರೋಹುಗಳಲ್ಲಿ ಗಂಟಲಿಗೆ ಸಿಕ್ಕುವ ಕವಲುಮುಳ್ಳಿನ ಕಾಟವಿಲ್ಲ. ಪಾಚಿ ತಿಂದೇ ಬದುಕೀತು; ಉಪ್ಪುನೀರು, ಕೊಳೆನೀರು, ಉಸಿರುಗಟ್ಟುವ ನೀರು ಯಾವುದಕ್ಕೂ ಅಂಜದು. ಹೆಣ್ಣು ಮೊಟ್ಟೆಗಳನ್ನು ಬಾಯಲ್ಲಿಟ್ಟುಕೊಂಡು ಕಾಯುತ್ತದೆ, ಮರಿಗಳು ಅಪಾಯ ಕಂಡರೆ ಮತ್ತೆ ತಾಯಿಯ ಬಾಯೊಳಗೆ ನುಗ್ಗುತ್ತವೆ. ಎರಡು ಮೂರು ತಿಂಗಳಿಗೇ ಪ್ರಾಯಕ್ಕೆ ಬಂದು ವರ್ಷದಲ್ಲಿ ಹಲವು ಸಲ ಮರಿ ಮಾಡುವುದರಿಂದ ಕೆರೆಯೆಲ್ಲ ಅಂಗೈಯಗಲದ ಕುಳ್ಳ ಮೀನುಗಳಿಂದ ಕಿಕ್ಕಿರಿಯಿತು. ಉಳಿದ ಮೀನುಗಳ ಮೇವು ಕರಗಿತು. ಬಂದ ಏಳು ವರ್ಷಕ್ಕೇ, 1959ರಲ್ಲಿ, ಅದರ ಪ್ರಸಾರಕ್ಕೆ ನಿಷೇಧ ಬಿತ್ತು. ಮೀನಿಗೆ ಆಜ್ಞಾಪತ್ರ ಓದಲು ಬಾರದು. ಅದು ಕೃಷ್ಣಾ ಕೊಳ್ಳದ ಹೊಳೆಗಳಿಗೂ ಇಳಿಯಿತು.

ಕಾಟ್ಲಾ, ರೋಹುಗಳದು ಬೇರೆಯೇ ಪಾಡು. ನಿಂತ ನೀರಿನಲ್ಲಿ ಅವು ಮರಿ ಮಾಡವು, ಹರಿವ ಪ್ರವಾಹವೇ ಬೇಕು. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಮತ್ತು ಕೆ.ಎಚ್. ಅಲಿಕುಂಞಿ ಪಿಟ್ಯುಟರಿ ಗ್ರಂಥಿಯ ಸಾರ ಚುಚ್ಚಿ ಗೆಂಡೆಮೀನುಗಳಿಂದ ಮರಿ ಮಾಡಿಸಿದ ಮೇಲೆಯೇ ಕೆರೆಗಳಿಗೆ ಅವುಗಳ ಮರಿ ಸಲೀಸಾಗಿ ಸಿಗುವಂತಾದದ್ದು. ಇಂದಿಗೂ ಮಳೆಗಾಲ ಬಂದರೆ ಮರಿ ಕೊಂಡು ತಂದು ಬಿಡಬೇಕು. ಜಿಲೇಬಿ ಮೀನಿಗೆ ಯಾರ ಹಂಗೂ ಇಲ್ಲ. ತನ್ನ ಕುಲವನ್ನು ಬಾಳಿಸಿಕೊಳ್ಳುವುದನ್ನೇ ಸುಸ್ಥಿರತೆ ಎಂದರೆ ಅದಕ್ಕೆ ಎಣೆಯಿಲ್ಲ. ನೆರೆಯವರನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಅದು ಸೋಲುತ್ತದೆ.

ಉತ್ತರ ಕರ್ನಾಟಕದ ಎರೆಸೀಮೆಯಲ್ಲಿ ಜಿಲೇಬಿ ಮೀನಿಗೆ ಕಡಿವಾಣ ಹಾಕಬಲ್ಲದ್ದು ಬೇಸಗೆಯೊಂದೇ: ಕೆರೆ ಪೂರ್ತಿ ಬತ್ತಿ ತಳ ಬಿರಿದರೆ ಜಿಲೇಬಿಯ ಸಂತಾನವೂ ನಿಲ್ಲುತ್ತದೆ. ಆದರೆ ಆ ಕಡಿವಾಣವನ್ನೂ ಮನುಷ್ಯನೇ ಸಡಿಲಿಸಿದ್ದಾನೆ. ನವಿಲುತೀರ್ಥದ ಅಣೆಕಟ್ಟು ಎದ್ದ ಮೇಲೆ ಮಲಪ್ರಭೆಯ ಮೀನುಗಳ ಏರುದಾರಿ ಮುಚ್ಚಿತು. ಅದೇ ಅಣೆಕಟ್ಟಿನ ಕಾಲುವೆ ನವಲಗುಂದದ ಕಡೆಯ ಕುಡಿಯುವ ನೀರಿನ ಕೆರೆಗಳನ್ನು ತುಂಬಿಸುತ್ತದೆ. ಹಾಗೆ ತುಂಬಿದ ಕೆರೆಗಳು ಬೇಸಗೆಯಲ್ಲೂ ಸುಲಭಕ್ಕೆ ಬತ್ತುವುದಿಲ್ಲ.