ಕಂಪನಿ ಕೈಬಿಟ್ಟ ಕಾರ್ಡೇ ಬದುಕಿತು: ಹಳೆ ಕಂಪ್ಯೂಟರ್, ಲಿನಕ್ಸ್ ಮತ್ತು ಡ್ರೈವರ್‌ಗಳ ಕಥೆ

(1/4)

ಮೊದಲ ಫೋಟೋದಲ್ಲಿ ಎರಡು ಗ್ರಾಫಿಕ್ಸ್ ಕಾರ್ಡ್ ಇವೆ ನೋಡಿ. ಎಡಗಡೆ ಎನ್‌ವಿಡಿಯಾದ ಜಿಫೋರ್ಸ್ 7 ಸರಣಿಯದ್ದು, ಬಲಗಡೆ ಎಟಿಐ ಕಂಪನಿಯ ರೇಡಿಯಾನ್ ಎಕ್ಸ್1000 ಸರಣಿಯದ್ದು. ಎರಡೂ ಸರಣಿ ಮಾರುಕಟ್ಟೆಗೆ ಬಂದಿದ್ದು 2005ರಲ್ಲಿ. ಒಂದೇ ವಯಸ್ಸಿನ ಎದುರಾಳಿಗಳು.

ಇವುಗಳಲ್ಲಿ ಒಂದಕ್ಕೆ ಕಂಪನಿ 12 ವರ್ಷ ಡ್ರೈವರ್ ಕೊಟ್ಟು ಸಾಕಿತು. ಇನ್ನೊಂದನ್ನ ನಾಲ್ಕು ವರ್ಷ ತುಂಬೋ ಮೊದಲೇ ಕೈಬಿಟ್ಟಿತು. ಇವತ್ತಿನ ಲಿನಕ್ಸ್‌ನಲ್ಲಿ ಯಾವುದರ ಗತಿ ವಾಸಿ ಹೇಳಿ?

ಕೈಬಿಟ್ಟಿದ್ದರದ್ದೇ! ಯಾಕೆ ಅನ್ನೋದೇ ಇವತ್ತಿನ ಕಥೆ.

ಮೊದಲು ಡ್ರೈವರ್ ಅಂದ್ರೆ ಏನು ಅಂತ ನೋಡೋಣ. ಗ್ರಾಫಿಕ್ಸ್ ಚಿಪ್ ಒಳಗೆ ರಿಜಿಸ್ಟರ್‌ಗಳು ಅಂತ ಇರುತ್ತವೆ, ಅಂದ್ರೆ ಅಂಕಿ ಬರೆಯೋ ಪುಟ್ಟ ಪುಟ್ಟ ಖಾನೆಗಳು. ಯಾವ ಖಾನೆಯಲ್ಲಿ ಯಾವ ಅಂಕಿ ಬರೆದರೆ ಪರದೆಯ ಅಳತೆ ಬದಲಾಗುತ್ತೆ, ಯಾವುದರಿಂದ ತ್ರಿಕೋನ ಮೂಡುತ್ತೆ, ಇದೆಲ್ಲ ಗೊತ್ತಿರೋದು ಚಿಪ್ ಮಾಡಿದವರಿಗೆ ಮಾತ್ರ. ಡ್ರೈವರ್ ಆ ಗುಟ್ಟನ್ನ ಇಟ್ಟುಕೊಂಡು ಆಪರೇಟಿಂಗ್ ಸಿಸ್ಟಮ್ ಮತ್ತು ಚಿಪ್ ನಡುವೆ ದುಭಾಷಿ ಕೆಲಸ ಮಾಡುತ್ತೆ. ಗುಟ್ಟು ಗೊತ್ತಿಲ್ಲದವರು ಡ್ರೈವರ್ ಬರೆಯೋದು ಅಂದ್ರೆ ಕತ್ತಲೆ ಕೋಣೆಯಲ್ಲಿ ಸ್ವಿಚ್ ತಡಕಾಡಿದ ಹಾಗೆ.

(2/4) ಮುಚ್ಚಿದ ಡಬ್ಬಿ

1993ರಲ್ಲಿ ಅಮೆರಿಕದ ಬ್ರಯಾನ್ ಪಾಲ್ ಅನ್ನೋರು ಬಿಡುವಿನ ವೇಳೆಯಲ್ಲಿ ಮೆಸಾ ಅನ್ನೋ ತಂತ್ರಾಂಶ ಬರೆಯೋಕೆ ಶುರು ಮಾಡಿದರು. 3ಡಿ ಚಿತ್ರ ಬಿಡಿಸೋಕೆ ಓಪನ್‌ಜಿಎಲ್ ಅಂತ ಒಂದು ನಿಯಮಾವಳಿ ಇತ್ತು, ಅದನ್ನ ಎಲ್ಲರೂ ಬಳಸೋ ಹಾಗೆ ಮಾಡೋದು ಅವರ ಉದ್ದೇಶ. 1995ರ ಫೆಬ್ರವರಿಯಲ್ಲಿ ಮೆಸಾ ಹೊರಬಂತು. ಆಗ ಲೆಕ್ಕವನ್ನೆಲ್ಲ ಸಿಪಿಯುವೇ ಮಾಡಬೇಕಿತ್ತು. ಲಿನಕ್ಸ್‌ನ ಓಪನ್ ಸೋರ್ಸ್ 3ಡಿ ಡ್ರೈವರ್‌ಗಳು ಇವತ್ತಿಗೂ ಇರೋದು ಇದೇ ಮೆಸಾದೊಳಗೆ.

ಆಮೇಲೆ 3ಡಿ ಚಿಪ್‌ಗಳ ಪೈಪೋಟಿ ಶುರುವಾಯ್ತು. ಎನ್‌ವಿಡಿಯಾ ತನ್ನ ಗುಟ್ಟು ಬಿಟ್ಟುಕೊಡಲಿಲ್ಲ. ಬದಲಿಗೆ ತಾನೇ ಲಿನಕ್ಸ್‌ಗೆ ಡ್ರೈವರ್ ಮಾಡಿ ಕೊಟ್ಟಿತು. ಒಳ್ಳೆ ಡ್ರೈವರೇ, ವೇಗವೂ ಇತ್ತು. ಆದರೆ ಅದರ ಮುಖ್ಯ ಭಾಗ ಮುಚ್ಚಿದ ಡಬ್ಬಿ. ಒಳಗಿನ ಸಾಲುಗಳನ್ನ ಹೊರಗಿನವರು ಓದೋಕೂ ಆಗಲ್ಲ, ತಿದ್ದೋಕೂ ಆಗಲ್ಲ.

ಸಮಸ್ಯೆ ಹುಟ್ಟೋದು ಇಲ್ಲೇ. ಲಿನಕ್ಸ್ ಕರ್ನಲ್‌ನ ಒಳಗಿನ ರಚನೆ ಆಗಾಗ ಬದಲಾಗ್ತಾನೇ ಇರುತ್ತೆ. ಬದಲಾವಣೆ ಮಾಡಿದವರೇ ಕರ್ನಲ್ ಒಳಗಿರೋ ಎಲ್ಲ ಡ್ರೈವರ್‌ಗಳನ್ನೂ ಸರಿಹೊಂದಿಸಬೇಕು ಅನ್ನೋದು ಅಲ್ಲಿನ ಪದ್ಧತಿ. ಹೊರಗಿರೋ ಮುಚ್ಚಿದ ಡ್ರೈವರ್‌ಗೆ ಆ ಭಾಗ್ಯ ಇಲ್ಲ. ಪ್ರತಿ ಸಲವೂ ಕಂಪನಿಯೇ ಬಂದು ತಿದ್ದಬೇಕು.

ಜಿಫೋರ್ಸ್ 6 ಮತ್ತು 7 ಕಾರ್ಡ್‌ಗಳಿಗೆ ಎನ್‌ವಿಡಿಯಾ ಹೀಗೆ ತಿದ್ದಿ ತಿದ್ದಿ ಕೊಟ್ಟಿತು. ಕೊನೆಯ ಆವೃತ್ತಿ 304.137, ಬಂದಿದ್ದು 2017ರ ಸೆಪ್ಟೆಂಬರ್‌ನಲ್ಲಿ. ಮರುವರ್ಷ ಮೇನಲ್ಲಿ ಪರದೆ ನೋಡಿಕೊಳ್ಳೋ ಎಕ್ಸ್ ಸರ್ವರ್‌ನ 1.20 ಆವೃತ್ತಿ ಬಂತು. ಹಳೆ ಡಬ್ಬಿ ಅದಕ್ಕೆ ಕೂರಲಿಲ್ಲ. ಕಾರ್ಡ್ ಕೆಟ್ಟಿರಲಿಲ್ಲ, ಆದರೂ ಸಿಸ್ಟಮ್ ಅಪ್‌ಡೇಟ್ ಮಾಡಿದವರಿಗೆ ಆ ಡ್ರೈವರ್ ಇದ್ದೂ ಇಲ್ಲದ ಹಾಗಾಯ್ತು.

(3/4) ಕಾಗದ ಕೊಟ್ಟವರು, ಕೊಡದವರು

ಈಗ ಬಲಗಡೆಯ ಕಾರ್ಡ್‌ಗೆ ಬರೋಣ. 2006ರಲ್ಲಿ ಎಎಂಡಿ ಕಂಪನಿ ಎಟಿಐಯನ್ನ ಕೊಂಡುಕೊಂಡಿತು. 2007ರ ಸೆಪ್ಟೆಂಬರ್‌ನಲ್ಲಿ ಒಂದು ದೊಡ್ಡ ನಿರ್ಧಾರ ಹೊರಬಿತ್ತು: ಚಿಪ್‌ಗಳ ರಿಜಿಸ್ಟರ್ ವಿವರಗಳನ್ನ ಯಾವ ಗೌಪ್ಯತೆಯ ಕರಾರೂ ಇಲ್ಲದೆ ಎಲ್ಲರಿಗೂ ಕೊಡ್ತೀವಿ ಅಂತ. ಮೊದಲು ಬಿಡುಗಡೆಯಾದ ನೂರಾರು ಪುಟಗಳಲ್ಲಿ ಎಕ್ಸ್1000 ಪೀಳಿಗೆಯ ಒಂದು ಲ್ಯಾಪ್‌ಟಾಪ್ ಚಿಪ್‌ನ ವಿವರವೂ ಇತ್ತು.

2009ರ ವಸಂತದಲ್ಲಿ ಅದೇ ಎಎಂಡಿ ತನ್ನ ಮುಚ್ಚಿದ ಡ್ರೈವರ್‌ನಿಂದ ಎಕ್ಸ್1000 ಮತ್ತು ಅದಕ್ಕಿಂತ ಹಳೆಯ ಕಾರ್ಡ್‌ಗಳನ್ನ ತೆಗೆದುಹಾಕಿತು. ಏಪ್ರಿಲ್‌ನಲ್ಲಿ ಬಂದ ಉಬುಂಟು 9.04ರಲ್ಲಿ ಈ ಕಾರ್ಡ್‌ಗಳಿಗೆ ಕಂಪನಿಯ ಡ್ರೈವರ್ ಸಿಗಲಿಲ್ಲ. ಕೊಂಡು ಎರಡು ಮೂರು ವರ್ಷ ಆಗಿದ್ದವರಿಗೆ ಹೊಟ್ಟೆ ಉರೀದೇ ಇರುತ್ತಾ?

ಆದರೆ ಕಾಗದ ಹೊರಗೆ ಬಂದಾಗಿತ್ತು. ಓಪನ್ ಸೋರ್ಸ್ ಡೆವಲಪರ್‌ಗಳು ಅದನ್ನ ಓದಿ ಕರ್ನಲ್‌ನಲ್ಲೂ ಮೆಸಾದಲ್ಲೂ ರೇಡಿಯಾನ್ ಡ್ರೈವರ್ ಬೆಳೆಸಿದರು. ಕರ್ನಲ್ ಬದಲಾದಾಗಲೆಲ್ಲ ಅದೂ ಜೊತೆಗೇ ತಿದ್ದಿಸಿಕೊಂಡು ಬಂತು.

ಎನ್‌ವಿಡಿಯಾ ಕಾರ್ಡ್‌ಗಳಿಗೆ ಹೀಗೆ ಕಾಗದ ಸಿಗಲಿಲ್ಲ. ಸ್ಟೆಫಾನ್ ಮಾರ್ಶೆಸಾಂ ಶುರು ಮಾಡಿದ ನೂವೋ ಯೋಜನೆಯವರು ಒಂದು ಉಪಾಯ ಹೂಡಿದರು. ಕಂಪನಿಯ ಡ್ರೈವರ್‌ನಿಂದ ಸಣ್ಣದೊಂದು ಚಿತ್ರ ಬಿಡಿಸೋದು, ಅದಕ್ಕೆ ಮೊದಲು ಮತ್ತು ಆಮೇಲೆ ಯಾವ ಖಾನೆಯ ಅಂಕಿ ಬದಲಾಯ್ತು ಅಂತ ಬರೆದುಕೊಳ್ಳೋದು. ಬೇರೆ ಬೇರೆ ಕಾರ್ಡ್ ಇಟ್ಟುಕೊಂಡಿದ್ದ ಜನ ತಮ್ಮ ಕಂಪ್ಯೂಟರಲ್ಲಿ ಇದನ್ನ ಓಡಿಸಿ ಫಲಿತಾಂಶ ಕಳಿಸಿದರು. ಹೀಗೆ ಕಣ ಕಣ ಕೂಡಿಸಿ ಕಟ್ಟಿದ ಡ್ರೈವರ್ 2010ರಲ್ಲಿ ಕರ್ನಲ್ 2.6.33ಕ್ಕೆ ಸೇರಿತು.

ಸಾಹಸವೇ ಸರಿ. ಜಿಫೋರ್ಸ್ 7 ಹಾಕಿದವರಿಗೆ ಇವತ್ತೂ ಪರದೆ ಬರೋದು ನೂವೋ ಕೃಪೆಯಿಂದ. ಆದರೆ ಊಹಿಸಿ ಬರೆದದ್ದಕ್ಕೆ ಮಿತಿ ಇದೆ. ಎಷ್ಟೋ ಕಾರ್ಡ್‌ಗಳಲ್ಲಿ ಚಿಪ್‌ನ ವೇಗ ಏರಿಸೋದು ಹೇಗೆ ಅನ್ನೋದೇ ದೊಡ್ಡ ಒಗಟಾಯ್ತು, ಅದಕ್ಕೇ ಅವು ಆಮೆ ನಡಿಗೆ. 2014ರ ಜಿಟಿಎಕ್ಸ್ 900 ಸರಣಿಯಿಂದ ಕಂಪನಿಯ ಸಹಿ ಇರೋ ಫರ್ಮ್‌ವೇರ್ ಕಡ್ಡಾಯ ಆದ ಮೇಲಂತೂ ಆ ಬಾಗಿಲೂ ಮುಚ್ಚಿಕೊಂಡಿತು. 2012ರಲ್ಲಿ ಫಿನ್ಲೆಂಡ್‌ನ ಆಲ್ಟೊ ವಿಶ್ವವಿದ್ಯಾಲಯದಲ್ಲಿ ಲಿನಸ್ ಟೋರ್ವಾಲ್ಡ್ಸ್ ಕ್ಯಾಮೆರಾ ಮುಂದೆಯೇ ಎನ್‌ವಿಡಿಯಾಗೆ ಮಧ್ಯದ ಬೆರಳು ತೋರಿಸಿದ್ದಕ್ಕೆ ಹಿನ್ನೆಲೆ ಇಂಥ ಸಿಟ್ಟೇ.

(4/4) ಹಾಗಾದ್ರೆ ಓಪನ್ ಅಂದ್ರೆ ಚಿರಂಜೀವಿನಾ?

ಅಲ್ಲ. 2022ರ ಮಾರ್ಚ್‌ನ ಮೆಸಾ 22.0ರಲ್ಲಿ ತೀರಾ ಹಳೆಯ ರಚನೆಯ ಡ್ರೈವರ್‌ಗಳನ್ನ ತೆಗೆದರು. 2023ರ ಕರ್ನಲ್ 6.3ರಲ್ಲಿ 3ಡಿಎಫ್‌ಎಕ್ಸ್, ಸ್ಯಾವೇಜ್ ತರದ 1990ರ ದಶಕದ ಚಿಪ್‌ಗಳ ಹಳೆ 3ಡಿ ಡ್ರೈವರ್‌ಗಳೂ ಹೋದವು. ನೋಡಿಕೊಳ್ಳೋ ಜನ ಇಲ್ಲದಿದ್ದರೆ ಮುಕ್ತ ತಂತ್ರಾಂಶವೂ ಮುಪ್ಪಾಗುತ್ತೆ.

ಆದರೆ ಎರಡು ಸಾವಿಗೆ ವ್ಯತ್ಯಾಸ ಇದೆ. ಮೆಸಾದಿಂದ ತೆಗೆದ ಡ್ರೈವರ್‌ಗಳನ್ನ ಆಂಬರ್ ಅನ್ನೋ ಬೇರೆ ಕವಲಿನಲ್ಲಿ ಜೋಪಾನ ಮಾಡಿದರು. ಇಂಟೆಲ್‌ನ ಹಳೆ ಚಿಪ್‌ಗಳಿಗೆ ಡೇವ್ ಏರ್ಲಿ 2021ರಲ್ಲೇ ಕ್ರೋಕಸ್ ಅನ್ನೋ ಹೊಸ ಡ್ರೈವರ್ ಬರೆದುಕೊಟ್ಟಿದ್ದರು. ಏರ್ಲಿ ಇಂಟೆಲ್ ನೌಕರರಲ್ಲ. ವಿವರ ತೆರೆದೇ ಇದ್ದಿದ್ದರಿಂದ ಯಾರಪ್ಪಣೆಯೂ ಬೇಕಾಗಲಿಲ್ಲ. ಮುಚ್ಚಿದ ಡಬ್ಬಿಗೆ ಇಂಥ ಪುನರ್ಜನ್ಮ ಇಲ್ಲ. 2022ರ ಮೇನಲ್ಲಿ ಎನ್‌ವಿಡಿಯಾ ಕೂಡ ತನ್ನ ಕರ್ನಲ್ ಭಾಗವನ್ನ ತೆರೆಯಿತು, ಆದರೆ 2018ರ ಟ್ಯೂರಿಂಗ್ ಪೀಳಿಗೆ ಮತ್ತು ಆಮೇಲಿನ ಚಿಪ್‌ಗಳಿಗೆ ಮಾತ್ರ.

ಇದು ಬರೀ ಇತಿಹಾಸ ಅಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗೀತು. ವಿಂಡೋಸ್ 11 ಹಾಕೋಕೆ ಆಗದ ಎಷ್ಟೋ ಕಂಪ್ಯೂಟರ್‌ಗಳಿಗೆ ಜನ ಈಗ ಲಿನಕ್ಸ್ ಹಾಕ್ತಿದ್ದಾರೆ. ಶುರುವಿನಲ್ಲೇ ಪರದೆ ಕಪ್ಪಾದರೆ ಗಾಬರಿ ಬೇಡ. ಬೂಟ್ ಆಯ್ಕೆಯಲ್ಲಿ ‘ನೋಮೋಡ್‌ಸೆಟ್’ ಅಂತ ಸೇರಿಸಿದರೆ ಸಾಮಾನ್ಯವಾಗಿ ಚಿತ್ರ ಬರುತ್ತೆ. ಆದರೆ ಅದು ಊರುಗೋಲು ಮಾತ್ರ, ಚಿತ್ರ ಬಿಡಿಸೋ ಭಾರವೆಲ್ಲ ಸಿಪಿಯು ಮೇಲೆ ಬೀಳುತ್ತೆ. ಆಮೇಲೆ ನಿಮ್ಮ ಚಿಪ್ ಯಾವ ಪೀಳಿಗೆಯದ್ದು, ಅದರ ಡ್ರೈವರ್ ಕರ್ನಲ್ ಮತ್ತು ಮೆಸಾ ಒಳಗೇ ಇದೆಯಾ ಅಂತ ನೋಡಿ. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೊಳ್ಳೋರಂತೂ ದುಡ್ಡು ಕೊಡೋ ಮೊದಲೇ ನೋಡಿ.

12 ವರ್ಷ ಸಾಕಿದ ಕಂಪನಿಯನ್ನ ನಾನು ಬಯ್ಯಲ್ಲ, ಅಷ್ಟು ಕಾಲ ನೋಡಿಕೊಳ್ಳೋರು ಕಮ್ಮಿ. ಆದರೆ ಬಿಟ್ಟು ಹೋಗೋ ದಿನ ಎಲ್ಲ ಕಂಪನಿಗೂ ಬರುತ್ತೆ. ಹೋಗುವಾಗ ಬೀಗದಕೈ ಕೊಟ್ಟು ಹೋದರಾ ಅನ್ನೋದರ ಮೇಲೆ ನಿಮ್ಮ ಯಂತ್ರದ ಆಯಸ್ಸು ನಿಂತಿದೆ.

ನಿಮ್ಮ ಮನೇಲಿ ಇನ್ನೂ ಓಡ್ತಿರೋ ಅತಿ ಹಳೆ ಕಂಪ್ಯೂಟರ್ ಯಾವುದು, ಅದರಲ್ಲಿ ಯಾವ ಗ್ರಾಫಿಕ್ಸ್ ಇದೆ? ಕಾಮೆಂಟಲ್ಲಿ ತಿಳಿಸಿ. 👇

#ಕಂಪ್ಯೂಟರ್‌ಇತಿಹಾಸ #ಲಿನಕ್ಸ್ #ಮುಕ್ತತಂತ್ರಾಂಶ #ಕನ್ನಡ